ಅಂಜುದೀವದಿಂದ ಕಾಣುವ ಏಪ್ರಿಲ್

ಲಿಸ್ಬನ್ ನಗರದ ಹಳೆಯ ಭಾಗದಲ್ಲಿ ಆಂತೋನಿಯೊ ಮರಿಯಾ ಕಾರ್ದೋಜೊ ಎಂಬ ಇಳಿಜಾರಿನ ಬೀದಿಯೊಂದಿದೆ. 1974ರ ಏಪ್ರಿಲ್ 25ರಂದು ಕ್ರಾಂತಿಯಾಗುವವರೆಗೆ ಪೋರ್ಚುಗಲ್‌ನ ಸರ್ವಾಧಿಕಾರಿ ಆಡಳಿತದ ರಹಸ್ಯ ಪೊಲೀಸರು ತಮ್ಮ ಮುಖ್ಯ ಕಚೇರಿಯನ್ನು ಇಟ್ಟುಕೊಂಡಿದ್ದುದು ಇಲ್ಲಿಯೇ. ಆ ಸಂಸ್ಥೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಪೋರ್ಚುಗೀಸರು ಉಚ್ಚರಿಸುವ ಪದ ನಮ್ಮ ಕಿವಿಗೆ ಹೆಚ್ಚುಕಡಿಮೆ ‘ಪೀಡೆ’ ಎಂದೇ ಬೀಳುತ್ತದೆ. ಕನ್ನಡಿಗನೊಬ್ಬ ಕೂತು ಹುಡುಕಿದ್ದರೂ ಇದಕ್ಕಿಂತ ತಕ್ಕ ಹೆಸರು ಅದಕ್ಕೆ ಸಿಗುತ್ತಿರಲಿಲ್ಲ. 1969ರಲ್ಲಿ ಸರ್ಕಾರ ಅದಕ್ಕೆ ಸೌಮ್ಯವಾದ ಬೇರೆ ಹೆಸರನ್ನಿಟ್ಟಿತಾದರೂ ಜನರ ಬಾಯಲ್ಲಿ ಅದು ಪೀಡೆಯಾಗಿಯೇ ಉಳಿಯಿತು. ಈಗ ಆ ಕಟ್ಟಡ ಸಿರಿವಂತರ ವಸತಿ ಸಮುಚ್ಚಯ. ಗೋಡೆಯ ಮೇಲೆ ನಾಲ್ಕು ಹೆಸರುಗಳಿರುವ ಒಂದು ಫಲಕವಿದೆ: ಅಂದು ಕಟ್ಟಡದ ಮುಂದೆ ನೆರೆದಿದ್ದ ಗುಂಪಿನ ಮೇಲೆ ಒಳಗಿನಿಂದ ಹಾರಿಸಿದ ಗುಂಡಿಗೆ ಸತ್ತ ನಾಲ್ವರ ಹೆಸರುಗಳು.

2024ರ ಏಪ್ರಿಲ್‌ನಲ್ಲಿ, ಆ ಕ್ರಾಂತಿಯ ಐವತ್ತನೆಯ ವರ್ಷದ ಹಬ್ಬದ ದಿನಗಳಲ್ಲಿ, ನಾನು ಲಿಸ್ಬನ್‌ನಲ್ಲಿದ್ದೆ. ಲಿಬರ್ದಾದೆ ರಾಜಬೀದಿಯ ಉದ್ದಕ್ಕೂ ಕಾಲಿಡಲು ಜಾಗವಿಲ್ಲದಷ್ಟು ಜನ. ಪ್ರತಿಯೊಬ್ಬರ ಎದೆಯ ಮೇಲೂ ಕೆಂಪು ಕಾರ್ನೇಷನ್ ಹೂವು. ‘ಏಪ್ರಿಲ್ 25 ಎಂದೆಂದಿಗೂ, ಫ್ಯಾಸಿಸಂ ಇನ್ನೆಂದಿಗೂ ಬೇಡ’ ಎಂಬ ಘೋಷಣೆಯನ್ನು ಅಜ್ಜಂದಿರು ಹೇಳಿಕೊಡುತ್ತಿದ್ದರೆ ಮೊಮ್ಮಕ್ಕಳು ಕೂಗುತ್ತಿದ್ದರು. ಅಲ್ಲಿನವರು ಆ ಕ್ರಾಂತಿಯನ್ನು ‘ಏಪ್ರಿಲ್’ ಎಂದಷ್ಟೇ ಕರೆಯುತ್ತಾರೆ. ನಾವು ‘ಆಗಸ್ಟ್ ಹದಿನೈದು’ ಎಂದಾಗ ಯಾವ ವರ್ಷದ್ದೆಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ. ಆ ಜನಸಾಗರದಿಂದ ಹತ್ತು ಹದಿನೈದು ನಿಮಿಷ ನಡೆದರೆ ಸಿಗುವ ಫಲಕದ ಎದುರು ಮಾತ್ರ ನಾನು ಹೋದಾಗ ಮೂವರಿದ್ದರು. ಅವರಲ್ಲಿ ಇಬ್ಬರು ಟ್ರಾಮಿನ ಫೋಟೊ ತೆಗೆಯುತ್ತಿದ್ದರು.

‘ರಕ್ತವಿಲ್ಲದ ಕ್ರಾಂತಿ’ ಎಂಬ ಹೊಗಳಿಕೆ ಈ ಘಟನೆಗೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆಯೆಂದರೆ ಆ ನಾಲ್ವರು ಕಥೆಯೊಳಗೆ ಹಿಡಿಯದೆ ಹೊರಗುಳಿದಿದ್ದಾರೆ. ಕಥೆ ನಿಜಕ್ಕೂ ಸುಂದರವಾದದ್ದೇ. ಮಧ್ಯರಾತ್ರಿ ಕಳೆದು ಇಪ್ಪತ್ತು ನಿಮಿಷಕ್ಕೆ ರೇಡಿಯೊದಲ್ಲಿ ನಿಷೇಧಿತ ಗಾಯಕನೊಬ್ಬನ ಹಾಡು ಸಂಕೇತವಾಗಿ ಬಿತ್ತರಗೊಳ್ಳುತ್ತದೆ. ಸಾಂತರೇಂ ಊರಿನಿಂದ ಸಾಲ್ಗೇರೊ ಮಾಯಾ ಎಂಬ ಇಪ್ಪತ್ತೊಂಬತ್ತರ ಕ್ಯಾಪ್ಟನ್ ತನ್ನ ದಳವನ್ನು ರಾಜಧಾನಿಗೆ ತರುತ್ತಾನೆ. ಹೋಟೆಲೊಂದರ ಕೆಲಸಗಾರ್ತಿ ಸೆಲೆಸ್ತೆ ಕಯೇರೊ, ಹೋಟೆಲಿನ ವಾರ್ಷಿಕೋತ್ಸವಕ್ಕೆಂದು ತರಿಸಿ ಅಂದು ಬಾಗಿಲು ಮುಚ್ಚಿದ್ದರಿಂದ ಉಳಿದುಹೋದ ಕಾರ್ನೇಷನ್‌ಗಳನ್ನು ಮನೆಗೆ ಒಯ್ಯುತ್ತಿದ್ದಾಗ, ಸಿಗರೇಟು ಕೇಳಿದ ಸೈನಿಕನಿಗೆ ಸಿಗರೇಟಿಲ್ಲದೆ ಹೂವು ಕೊಡುತ್ತಾಳೆ. ಅದು ಬಂದೂಕಿನ ನಳಿಗೆಗೇರುತ್ತದೆ. ಕಾರ್ಮೊ ಠಾಣೆಯಲ್ಲಿ ಅಡಗಿದ್ದ ಪ್ರಧಾನಿ ಮಾರ್ಸೆಲೊ ಕೈತಾನೊ, ಅಧಿಕಾರ ಬೀದಿಪಾಲಾಗಬಾರದೆಂದು, ಕ್ಯಾಪ್ಟನ್ನನಿಗೆ ಶರಣಾಗಲೊಲ್ಲದೆ ಜನರಲ್ ಸ್ಪಿನೊಲಾನನ್ನು ಕರೆಸಿಕೊಂಡು ಶರಣಾಗುತ್ತಾನೆ. 1926ರ ಮೇ 28ರ ಸೇನಾದಂಗೆಯಿಂದ ಮೊದಲಾಗಿ, ಕೈತಾನೊಗಿಂತ ಮೊದಲಿನ ಸರ್ವಾಧಿಕಾರಿ ಸಲಾಜಾರ್‌ನ ಕೈಯಲ್ಲಿ ಗಟ್ಟಿಗೊಂಡಿದ್ದ 48 ವರ್ಷಗಳ ಆಡಳಿತ ಒಂದೇ ಹಗಲಿನಲ್ಲಿ ಕುಸಿದುಬಿತ್ತು.

ನಾನು ಕಾರವಾರದವನು. ಅದಕ್ಕೇ ಇರಬೇಕು, ಈ ಕಥೆಯನ್ನು ಮೆಚ್ಚಿಕೊಳ್ಳುತ್ತಲೇ ಇದರ ಮೊದಲ ಪುಟಗಳು ಎಲ್ಲಿ ಹೋದವೆಂದು ಹುಡುಕುತ್ತೇನೆ. ನಮ್ಮ ಕಡಲ ತೀರದಿಂದ ದಕ್ಷಿಣಕ್ಕೆ ಬಿಣಗಾ ಕಡೆ ನೋಡಿದರೆ ಅಂಜುದೀವ ನಡುಗಡ್ಡೆ ಕಾಣುತ್ತದೆ. ಊರಿಗೆ ಅಷ್ಟು ಹತ್ತಿರವಿದ್ದರೂ ಆಡಳಿತದ ಲೆಕ್ಕದಲ್ಲಿ ಅದು ಗೋವೆಗೆ ಸೇರಿದ್ದು. ಪೋರ್ಚುಗೀಸರು ಬಿಟ್ಟುಹೋದ ಗಡಿ ಹಾಗೆಯೇ ಉಳಿದಿದೆ. 1961ರ ಡಿಸೆಂಬರ್‌ನಲ್ಲಿ ಭಾರತದ ನೌಕಾಪಡೆ ಅಲ್ಲಿಗೆ ಇಳಿದಾಗ ನಮ್ಮ ಏಳು ನಾವಿಕರು ಸತ್ತರು. ಕಾರ್ಯಾಚರಣೆಯಲ್ಲಿದ್ದ ಹಡಗುಗಳಲ್ಲಿ ಒಂದರ ಹೆಸರು ‘ಮೈಸೂರು’. ಆ ದಿನಗಳಲ್ಲಿ ಕಡಲ ಕಡೆಯಿಂದ ಬಂದ ಸದ್ದನ್ನು ಅಕಾಲದ ಗುಡುಗೆಂದು ತಿಳಿದು ಅಂಗಳದಲ್ಲಿ ಒಣಹಾಕಿದ್ದ ಭತ್ತವನ್ನು ಒಳಗೆ ತಂದದ್ದನ್ನು ನನ್ನ ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು. ಪೋರ್ಚುಗಲ್‌ನ ಸರ್ವಾಧಿಕಾರ ನಮ್ಮ ಮಟ್ಟಿಗೆ ಮುಗಿದದ್ದು ಆ ಗುಡುಗಿನೊಂದಿಗೆ, ಲಿಸ್ಬನ್ನಿನವರಿಗಿಂತ ಹನ್ನೆರಡು ವರ್ಷಕ್ಕೂ ಮೊದಲು.

ಆದರೆ ಎರಡು ಕೊನೆಗಳೂ ಪರಸ್ಪರ ಸಂಬಂಧವಿಲ್ಲದವಲ್ಲ. ಗೋವೆಯಲ್ಲಿದ್ದ ತನ್ನ ಪಡೆಗೆ ಸಲಾಜಾರ್ ಕಳಿಸಿದ್ದ ಸಂದೇಶದಲ್ಲಿ ಸಂಧಾನಕ್ಕಾಗಲಿ ಸೆರೆಯಾಳುಗಳಿಗಾಗಲಿ ಎಡೆಯಿರಲಿಲ್ಲ. ಗೆದ್ದ ಸೈನಿಕರು ಇರಬಹುದು ಇಲ್ಲವೇ ಸತ್ತ ಸೈನಿಕರು ಇರಬಹುದು, ಅಷ್ಟೇ. ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಆ ಆಜ್ಞೆಯನ್ನು ಮೀರಿ ಡಿಸೆಂಬರ್ 19ರಂದು ಶರಣಾದ. ಮೂರು ಸಾವಿರಕ್ಕೂ ಹೆಚ್ಚು ಪೋರ್ಚುಗೀಸ್ ಸೈನಿಕರು ಸೆರೆಯಾಗಿ, ತಿಂಗಳುಗಳ ಬಳಿಕ ಊರಿಗೆ ಮರಳಿದಾಗ ಸರ್ಕಾರ ಅವರನ್ನು ಮಾನಗೇಡಿಗಳಂತೆ ನಡೆಸಿಕೊಂಡಿತು. ಆ ಜನರಲ್ಲನನ್ನು ಸೇನೆಯಿಂದಲೇ ಹೊರಹಾಕಲಾಯಿತು. ಅಸಾಧ್ಯವಾದುದನ್ನು ಕೇಳಿ, ಅದಾಗದಿದ್ದಾಗ ಸಮವಸ್ತ್ರದವರ ತಲೆಗೆ ಸೋಲನ್ನು ಕಟ್ಟುವ ಈ ರೀತಿಯನ್ನು ಸೇನೆ ಮರೆಯಲಿಲ್ಲ. ಹನ್ನೆರಡು ವರ್ಷಗಳ ಮೇಲೆ ಪಶ್ಚಿಮ ಆಫ್ರಿಕದ ಪೋರ್ಚುಗೀಸ್ ವಸಾಹತು ಗಿನಿಯಲ್ಲಿ ಯುದ್ಧ ಕೈಮೀರತೊಡಗಿದಾಗ ಅಲ್ಲಿನ ಯುವ ಅಧಿಕಾರಿಗಳನ್ನು ಕಾಡಿದ ಭಯ ‘ಇನ್ನೊಂದು ಗೋವಾ’ ಆಗುವುದೆಂಬುದೇ. ಸಂಧಾನಕ್ಕಿಂತ ಮರ್ಯಾದೆಯ ಸೋಲೇ ಲೇಸೆಂದು ಕೈತಾನೊ ಹೇಳಿದ್ದೂ ಉಂಟು. ಆ ಮರ್ಯಾದೆಗಾಗಿ ಸಾಯಬೇಕಾಗಿದ್ದವರು ಯಾರೆಂದು ಕ್ಯಾಪ್ಟನ್ನರಿಗೆ ಗೊತ್ತಿತ್ತು.

ಏಪ್ರಿಲ್ ಕ್ರಾಂತಿಯನ್ನು ನಡೆಸಿದ ಈ ಕ್ಯಾಪ್ಟನ್ನರ ಚಳವಳಿ ಶುರುವಾದದ್ದು ದೊಡ್ಡ ಆದರ್ಶದಿಂದಲ್ಲ ಎಂಬುದನ್ನೂ ಹೇಳಬೇಕು. 1973ರ ಜುಲೈನಲ್ಲಿ ಹೊರಟ ಒಂದು ಆದೇಶ, ಕಡ್ಡಾಯ ಸೇವೆಗೆ ಬಂದ ಅಧಿಕಾರಿಗಳು ಕಿರು ತರಬೇತಿ ಮುಗಿಸಿ, ವರ್ಷಗಟ್ಟಲೆ ಓದಿ ಬಂದ ಕಾಯಂ ಅಧಿಕಾರಿಗಳನ್ನು ಬಡ್ತಿಯಲ್ಲಿ ಹಿಂದಿಕ್ಕಲು ದಾರಿ ಮಾಡಿತು. ಸರ್ಕಾರಿ ನೌಕರಿಯ ಪರಿಚಯವಿರುವ ಯಾರಿಗೂ ಸೀನಿಯಾರಿಟಿ ಪಟ್ಟಿಯ ಸಿಟ್ಟು ಎಂಥದೆಂದು ವಿವರಿಸಬೇಕಾಗಿಲ್ಲ. ಆ ಸಿಟ್ಟಿನ ಸಭೆಗಳಲ್ಲೇ ಯುದ್ಧದ ಮಾತು ಬಂತು; ಯುದ್ಧ ನಿಲ್ಲಬೇಕಾದರೆ ಸರ್ಕಾರ ಹೋಗಬೇಕೆಂಬ ತೀರ್ಮಾನವೂ ಬಂತು. 1961ರಿಂದ ಅಂಗೋಲ, ಗಿನಿ, ಮೊಜಾಂಬಿಕ್ ಮೂರೂ ಕಡೆ ಒಂದೊಂದಾಗಿ ಹೊತ್ತಿಕೊಂಡ ಯುದ್ಧದಲ್ಲಿ ಒಂದಿಡೀ ತಲೆಮಾರಿನ ಪೋರ್ಚುಗೀಸ್ ತರುಣರು ಸವೆದಿದ್ದರು. ಆಫ್ರಿಕನ್ನರ ಕಡೆಯ ಸಾವಿನ ಲೆಕ್ಕ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಲಿಸ್ಬನ್ನಿನ ಬಂದೂಕಿಗೆ ಹೂವೇರುವ ಮೊದಲು ಆ ಬಂದೂಕುಗಳು ಎಲ್ಲಿದ್ದವು, ಯಾರತ್ತ ಗುರಿಯಿಟ್ಟಿದ್ದವು ಎಂದು ಕೇಳಿದರೆ ಹೂವಿನ ಕಥೆ ಕೆಡುವುದಿಲ್ಲ; ಅದು ಯಾರ ರಕ್ತದ ಮೇಲೆ ಅರಳಿತೆಂಬುದು ಮಾತ್ರ ತಿಳಿಯುತ್ತದೆ.

ಪೋರ್ಚುಗಲ್‌ನ ಒಳಗೆ ನಡೆಯುತ್ತಿರುವ ಚರ್ಚೆ ಬೇರೆ ರೀತಿಯದು. ಅಲ್ಲಿನ ಜಗಳ ಏಪ್ರಿಲ್ 25 ಮತ್ತು ನವೆಂಬರ್ 25 ಎಂಬ ಎರಡು ದಿನಾಂಕಗಳ ನಡುವೆ. ಕ್ರಾಂತಿಯ ನಂತರದ ಹತ್ತೊಂಬತ್ತು ತಿಂಗಳು ದೇಶ ಕುದಿಯುವ ಎಸರಿನಂತಿತ್ತು. ಆರು ತಾತ್ಕಾಲಿಕ ಸರ್ಕಾರಗಳು ಬಂದವು. 1975ರ ಮಾರ್ಚ್‌ನಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಅಲೆಂತೇಜು ಪ್ರಾಂತದಲ್ಲಿ ಕೂಲಿಗಳು ಜಮೀನ್ದಾರರ ಭೂಮಿಯನ್ನು ಹಿಡಿದು ಉತ್ತರು. ಅದೇ ವರ್ಷದ ಏಪ್ರಿಲ್ 25ರಂದು ಸಂವಿಧಾನ ಸಭೆಗೆ ನಡೆದ ಚುನಾವಣೆಯಲ್ಲಿ ನೂರಕ್ಕೆ ತೊಂಬತ್ತೊಂದಕ್ಕೂ ಹೆಚ್ಚು ಮಂದಿ ಮತ ಹಾಕಿದರು. ನವೆಂಬರ್ 25ರಂದು ಎಡಪಂಥೀಯ ಸೇನಾ ಘಟಕಗಳ ದಂಗೆಯನ್ನು ರಾಮಾಲ್ಯೊ ಇಯಾನೆಸ್ ನಾಯಕತ್ವದ ಮಂದಗಾಮಿ ಸೈನಿಕರು ಅಡಗಿಸಿದಾಗ ಈ ಅವಧಿ ಮುಗಿಯಿತು. ದೇಶವನ್ನು ಕಮ್ಯುನಿಸ್ಟ್ ಸರ್ವಾಧಿಕಾರದಿಂದ ಉಳಿಸಿದ್ದು ಆ ದಿನವೇ, ನಿಜವಾದ ಪ್ರಜಾಪ್ರಭುತ್ವದ ಹುಟ್ಟೂ ಅಂದೇ ಎಂದು ಬಲಪಂಥದವರು ಹೇಳುತ್ತಾರೆ. ಕ್ರಾಂತಿಯ ಕತ್ತು ಹಿಸುಕಿದ ದಿನವೆಂದು ಕಮ್ಯುನಿಸ್ಟರು ನೆನೆಯುತ್ತಾರೆ. 2024ರಲ್ಲಿ ಸಂಸತ್ತು ಮೊದಲ ಬಾರಿಗೆ ನವೆಂಬರ್ 25ಕ್ಕೆಂದೇ ವಿಧ್ಯುಕ್ತ ಅಧಿವೇಶನ ನಡೆಸಿದಾಗ ಕಮ್ಯುನಿಸ್ಟ್ ಸದಸ್ಯರು ಬರಲಿಲ್ಲ.

ಈ ಜಗಳ ನನಗೆ ಅಷ್ಟು ಪ್ರಾಮಾಣಿಕವಾಗಿ ಕಾಣುವುದಿಲ್ಲ. ನವೆಂಬರ್‌ನಲ್ಲಿ ಗೆದ್ದವರಲ್ಲಿ ಅನೇಕರು ಏಪ್ರಿಲ್‌ನ ಅದೇ ಕ್ಯಾಪ್ಟನ್ನರು. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಯೋಚಿಸಬಲ್ಲವನಾಗಿದ್ದ ಮೆಲೊ ಆಂತೂನೆಸ್, ಗೆದ್ದ ಮಾರನೆಯ ದಿನವೇ ಟೆಲಿವಿಷನ್‌ನಲ್ಲಿ, ಈ ದೇಶದಲ್ಲಿ ಪ್ರಜಾಪ್ರಭುತ್ವ ಕಟ್ಟಲು ಕಮ್ಯುನಿಸ್ಟ್ ಪಕ್ಷವೂ ಬೇಕೇ ಬೇಕೆಂದು ಹೇಳಿದ. ಗೆದ್ದವನು ಸೋತವನಿಗೆ ಮಣೆ ಹಾಕಿ ಪಕ್ಕದಲ್ಲಿ ಕೂರಿಸಿಕೊಂಡ ಆ ಮಾತನ್ನು ಇಂದು ನವೆಂಬರ್ ಆಚರಿಸುವವರು ಅಷ್ಟಾಗಿ ನೆನೆಯುವುದಿಲ್ಲ, ಏಪ್ರಿಲ್‌ನ ಒಡೆತನ ತಮ್ಮದೆನ್ನುವವರೂ ನೆನೆಯುವುದಿಲ್ಲ. 1976ರ ಏಪ್ರಿಲ್‌ನಲ್ಲಿ ಬಂದ ಸಂವಿಧಾನದ ಪೀಠಿಕೆಯಲ್ಲಿ ಸಮಾಜವಾದಿ ಸಮಾಜದತ್ತ ದಾರಿ ತೆರೆಯುವ ಮಾತು ಈಗಲೂ ಇದೆ. ಒಳಗಿನ ವಿಧಿಗಳು ಎಷ್ಟೋ ಸಲ ತಿದ್ದಿಸಿಕೊಂಡರೂ ಪೀಠಿಕೆಯನ್ನು ಯಾರೂ ಮುಟ್ಟಿಲ್ಲ. (ನಮ್ಮ ಸಂವಿಧಾನದ ಪೀಠಿಕೆಗೆ ‘ಸಮಾಜವಾದಿ’ ಎಂಬ ಪದ ಸೇರಿದ್ದೂ ಅದೇ 1976ರಲ್ಲಿ. ಅಲ್ಲಿ ಸರ್ವಾಧಿಕಾರದಿಂದ ಹೊರಬರುತ್ತಾ ಬರೆದರು, ಇಲ್ಲಿ ತುರ್ತುಪರಿಸ್ಥಿತಿಯ ನಡುವೆ ಬರೆದರು.)

ಪೀಡೆಯ ನೌಕರರ ಗತಿ ಏನಾಯಿತೆಂಬುದು ದಿನಾಂಕಗಳಿಗಿಂತ ಗಟ್ಟಿಯಾದ ಪ್ರಶ್ನೆ. ಕ್ರಾಂತಿಯ ಬೆನ್ನಿಗೆ ಅವರನ್ನು ಸಾಮೂಹಿಕವಾಗಿ ಬಂಧಿಸಿದರು. 1975ರ ಜೂನ್‌ನಲ್ಲಿ ಅಲ್ಕುಯೆಂತ್ರೆ ಜೈಲಿನಿಂದ ಒಂದೇ ದಿನ 89 ಮಂದಿ ತಪ್ಪಿಸಿಕೊಂಡರು. ಉಳಿದವರನ್ನು ಸೇನಾ ನ್ಯಾಯಾಲಯಗಳು ವಿಚಾರಿಸುವ ಹೊತ್ತಿಗೆ ಕಾವು ಆರಿತ್ತು. ಶಿಕ್ಷೆಗಳು ಹೆಸರಿಗಷ್ಟೇ ಆದವು. ಈ ಗಾಯಕ್ಕೆ ಉಪ್ಪು ಸವರಿದಂಥ ಪ್ರಸಂಗವೊಂದು ಆಮೇಲೆ ನಡೆಯಿತು. ಕಾರ್ಮೊ ಚೌಕದಲ್ಲಿ ಸರ್ವಾಧಿಕಾರವನ್ನು ಮಣಿಸಿದ ಸಾಲ್ಗೇರೊ ಮಾಯಾ 1980ರ ದಶಕದ ಕೊನೆಯಲ್ಲಿ, ದೇಶಕ್ಕೆ ಸಲ್ಲಿಸಿದ ವಿಶೇಷ ಸೇವೆಗಾಗಿ ನೀಡುವ ಪಿಂಚಣಿಗೆ ಅರ್ಜಿ ಹಾಕಿದ. ಅದು ಸಿಗಲಿಲ್ಲ. 1992ರ ಏಪ್ರಿಲ್ 4ರಂದು ಕ್ಯಾನ್ಸರ್‌ನಿಂದ ತೀರಿಕೊಂಡ. ಅದೇ ಸರ್ಕಾರ ಪೀಡೆಯ ಇಬ್ಬರು ಮಾಜಿ ನೌಕರರಿಗೆ ಅಂಥದೇ ಪಿಂಚಣಿ ಮಂಜೂರು ಮಾಡಿದ್ದು ಆಗಲೇ ಬಯಲಾಯಿತು. ಆಗ ಎದ್ದ ಗದ್ದಲ ಈಗಲೂ ಪ್ರತಿ ಏಪ್ರಿಲ್‌ನಲ್ಲಿ ಹೊಗೆಯಾಡುತ್ತದೆ. ಏಪ್ರಿಲ್‌ನ ಯುದ್ಧತಂತ್ರ ರೂಪಿಸಿದ ಒತೆಲೊ ಸರಾಯ್ವಾ ದೆ ಕಾರ್ವಾಲ್ಯೊನದು ಇದಕ್ಕಿಂತ ತೊಡಕಿನ ಪ್ರಕರಣ. 1980ರ ದಶಕದಲ್ಲಿ ಕೊಲೆಗಳನ್ನು ನಡೆಸಿದ ಅತಿ ಎಡಪಂಥೀಯ ಗುಂಪೊಂದರೊಂದಿಗಿನ ನಂಟಿಗಾಗಿ ಅವನಿಗೆ ಶಿಕ್ಷೆಯಾಗಿ, ಕೊನೆಗೆ 1996ರಲ್ಲಿ ಕ್ಷಮಾದಾನ ಸಿಕ್ಕಿತು. 2021ರ ಜುಲೈನಲ್ಲಿ ಅವನು ತೀರಿಕೊಂಡಾಗ ಸರ್ಕಾರ ರಾಷ್ಟ್ರೀಯ ಶೋಕಾಚರಣೆ ಘೋಷಿಸಲಿಲ್ಲ. ಸರ್ಕಾರ ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಹಾಗೆ ಅಭಿಪ್ರಾಯ ಹೇಳುವ ಸ್ವಾತಂತ್ರ್ಯವನ್ನು ಆ ದೇಶಕ್ಕೆ ತಂದುಕೊಟ್ಟವರಲ್ಲಿ ಅವನೂ ಒಬ್ಬನಿದ್ದ.

ಕಟ್ಟಡಗಳ ಕಥೆಯೂ ಹೀಗೆಯೇ. ಟೇಗಸ್ ನದಿಯ ಮೇಲೆ 1966ರಲ್ಲಿ ತೆರೆದ ‘ಸಲಾಜಾರ್ ಸೇತುವೆ’ ಕ್ರಾಂತಿಯ ಬಳಿಕ ‘ಏಪ್ರಿಲ್ 25 ಸೇತುವೆ’ಯಾಯಿತು, ಹೆಸರು ಬದಲಿಸುವುದು ಸುಲಭ. ಪೀಡೆಯ ಮುಖ್ಯ ಕಚೇರಿಯನ್ನು ವಸತಿ ಸಮುಚ್ಚಯವಾಗಿಸುವ ಯೋಜನೆ ಬಂದಾಗ 2005ರಲ್ಲಿ ನಾಗರಿಕರು ಬೀದಿಗಿಳಿದು ‘ನೆನಪನ್ನು ಅಳಿಸಬೇಡಿ’ ಎಂಬ ಚಳವಳಿ ಹೂಡಿದರು. ಆ ಕಟ್ಟಡ ನೆನಪಿನ ತಾಣವಾಗಿ ಉಳಿಯಲಿಲ್ಲ. ರಾಜಕೀಯ ಕೈದಿಗಳನ್ನಿಡುತ್ತಿದ್ದ ಲಿಸ್ಬನ್ನಿನ ಅಲ್ಜುಬೆ ಜೈಲು ಮಾತ್ರ 2015ರಲ್ಲಿ ವಸ್ತುಸಂಗ್ರಹಾಲಯವಾಯಿತು. ಗೂಳಿಗಳನ್ನು ಕೂಡುವ ದೊಡ್ಡಿ ಎಂಬರ್ಥದ ಪದದಿಂದ ಕೈದಿಗಳು ಕರೆಯುತ್ತಿದ್ದ ಅಲ್ಲಿನ ಒಂಟಿ ಕೋಣೆಗಳ ಮುಂದೆ ನಿಂತಾಗ, ವಿವರಣೆಯ ಹಲಗೆಯ ಮೇಲೆ ‘ಚಾವಿ’ ಎಂಬ ಪದ ನನ್ನ ಕಣ್ಣಿಗೆ ಬಿತ್ತು. ನಾವು ದಿನಾ ಆಡುವ ಚಾವಿ ಅವರಿಂದಲೇ ಬಂದದ್ದೆಂದು ಶಾಲೆಯಲ್ಲೇ ಓದಿದ್ದೆ. ಜೈಲಿನ ಬಾಗಿಲಿನ ಪಕ್ಕದಲ್ಲಿ ಓದಿದಾಗ ಅದರ ಸದ್ದು ಬೇರೆಯಿತ್ತು. ಕಡಲ ಅಂಚಿನ ಪೆನಿಶೆ ಕೋಟೆಯ ಜೈಲನ್ನು ಹೋಟೆಲಿಗೆ ವಹಿಸುವ ಪಟ್ಟಿಗೆ 2016ರಲ್ಲಿ ಸೇರಿಸಲಾಗಿತ್ತು. ಹಳೆಯ ಕೈದಿಗಳು ಸಿಡಿದೆದ್ದ ಮೇಲೆ ಕೈಬಿಟ್ಟರು. ಕೈದಿಗಳು ಬಿಡುಗಡೆಯಾಗಿ ಸರಿಯಾಗಿ ಐವತ್ತು ವರ್ಷವಾದ 2024ರ ಏಪ್ರಿಲ್ 27ರಂದು ಅಲ್ಲಿ ಪ್ರತಿರೋಧ ಮತ್ತು ಸ್ವಾತಂತ್ರ್ಯದ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆಯಿತು.

ಪೆನಿಶೆಯ ಹೆಸರು ಕೇಳಿದೊಡನೆ ಪೋರ್ಚುಗೀಸರಿಗೆ ನೆನಪಾಗುವುದು 1960ರ ಜನವರಿಯಲ್ಲಿ ಕಮ್ಯುನಿಸ್ಟ್ ನಾಯಕ ಆಲ್ವರು ಕುನ್ಯಾಲ್ ಮತ್ತು ಒಂಬತ್ತು ಸಂಗಡಿಗರು ಅಲ್ಲಿಂದ ಪರಾರಿಯಾದದ್ದು. ನಮ್ಮ ಕಡೆಯವರಿಗೆ ನೆನಪಾಗಬೇಕಾದವರು ತ್ರಿಸ್ತಾಂವ್ ಬ್ರಗಾಂಸ ಕುನ್ಹ. ಲೋಹಿಯಾ ಮಡಗಾಂವಿನಲ್ಲಿ ಮಾತಾಡಲು ನಿಂತು ಕಿಡಿ ಹೊತ್ತಿಸಿದ 1946ರಲ್ಲೇ ಅವರನ್ನು ಬಂಧಿಸಿ, ಎಂಟು ವರ್ಷದ ಶಿಕ್ಷೆ ವಿಧಿಸಿ, ಅದೇ ಪೆನಿಶೆ ಕೋಟೆಗೆ ಸಾಗಿಸಿದರು. ಇನ್ನೊಬ್ಬರು ಮೋಹನ ರಾನಡೆ, ಸಾಂಗಲಿಯಿಂದ ಶಿಕ್ಷಕರಾಗಿ ಗೋವೆಗೆ ಹೋಗಿ ಹೋರಾಟಕ್ಕಿಳಿದವರು. 1955ರಲ್ಲಿ ಸೆರೆಸಿಕ್ಕ ಅವರನ್ನು ಅಗ್ವಾದ ಕೋಟೆಯಿಂದ ಲಿಸ್ಬನ್ ಹೊರವಲಯದ ಕಶಿಯಾಸ್ ಜೈಲಿಗೆ ಒಯ್ದಿದ್ದರು. 1961ರಲ್ಲಿ ಗೋವೆ ಬಿಡುಗಡೆಯಾಯಿತು, ರಾನಡೆ ಆಗಲಿಲ್ಲ. ಇನ್ನೂ ಏಳು ವರ್ಷ ಕಳೆದು 1969ರ ಜನವರಿಯಲ್ಲಿ ಅವರು ಹೊರಬಂದರು. 1974ರ ಏಪ್ರಿಲ್ 26ರ ರಾತ್ರಿ ಕಶಿಯಾಸ್ ಜೈಲಿನ ಬಾಗಿಲು ತೆರೆದು ಕೈದಿಗಳು ತಮ್ಮವರನ್ನು ಅಪ್ಪಿಕೊಳ್ಳುವ ಚಿತ್ರಗಳನ್ನು ಪ್ರತಿ ವರ್ಷ ತೋರಿಸುವಾಗ, ಆ ಬಾಗಿಲೊಳಗೆ ಭಾರತದ ಶಿಕ್ಷಕನೊಬ್ಬ ಬದುಕಿನ ಒಳ್ಳೆಯ ವರ್ಷಗಳನ್ನು ಕಳೆದಿದ್ದನೆಂದು ಹೇಳುವವರು ಯಾರು? ನಮ್ಮಲ್ಲೂ ಅಷ್ಟೇ. ಡಿಸೆಂಬರ್ 19ರ ಭಾಷಣಗಳಲ್ಲಿ, ಅದೇ ಆಡಳಿತದ ಕೆಳಗೆ ಪೋರ್ಚುಗೀಸರೂ ನರಳುತ್ತಿದ್ದರೆಂಬ ಮಾತು ಬರುವುದು ಅಪರೂಪ.

ಕ್ರಾಂತಿಯಾದ ವರ್ಷದ ಕೊನೆಯ ದಿನ, 1974ರ ಡಿಸೆಂಬರ್ 31ರಂದು, ಹೊಸ ಪೋರ್ಚುಗಲ್ ಸರ್ಕಾರದ ವಿದೇಶಾಂಗ ಸಚಿವ ಮಾರಿಯೊ ಸೊವಾರೆಸ್ ದೆಹಲಿಗೆ ಬಂದು, ಗೋವೆಯ ಮೇಲಿನ ಭಾರತದ ಸಾರ್ವಭೌಮತ್ವವನ್ನು ಒಪ್ಪುವ ಒಡಂಬಡಿಕೆಗೆ ಸಹಿ ಹಾಕಿದರು. ಸೇನೆಯಿಂದ ಹೊರದಬ್ಬಿಸಿಕೊಂಡಿದ್ದ ವಸ್ಸಾಲೊ ಇ ಸಿಲ್ವಾನಿಗೆ ಹುದ್ದೆ ಮರಳಿ ಸಿಕ್ಕಿತು. ಅಂದರೆ ಸಾಯದೆ ಶರಣಾದದ್ದು ತಪ್ಪಲ್ಲವೆಂದು ಹೇಳಲು ಆ ದೇಶಕ್ಕೆ ಒಂದು ಕ್ರಾಂತಿಯೇ ಬೇಕಾಯಿತು.

ಸಲಾಜಾರ್ ಇನ್ನೂ ಸತ್ತಿಲ್ಲವೆಂದು ಕೆಲವರು ಹೇಳುವುದುಂಟು. 2007ರಲ್ಲಿ ಸರ್ಕಾರಿ ಟೆಲಿವಿಷನ್ ‘ಮಹಾನ್ ಪೋರ್ಚುಗೀಸ’ ಯಾರೆಂದು ವೀಕ್ಷಕರಿಂದ ಮತ ಕೇಳಿದಾಗ ಅವನಿಗೆ ಶೇಕಡ 41 ಬಿದ್ದು ಮೊದಲಿಗನಾದ. ಅವನ ಜೈಲಿನಿಂದ ಪರಾರಿಯಾಗಿದ್ದ ಕುನ್ಯಾಲ್ ಎರಡನೆಯವನಾದ. ಫೋನಿನಲ್ಲಿ ಹಾಕುವ ಮತವನ್ನು ಜನಮತವೆಂದು ಎಣಿಸುವವನು ನಾನಲ್ಲ. ಆದರೆ ಮತಪೆಟ್ಟಿಗೆಯ ಲೆಕ್ಕವೂ ಇದೆ. 2019ರಲ್ಲಿ ಹುಟ್ಟಿದ ತೀವ್ರ ಬಲಪಂಥೀಯ ಶೇಗಾ ಪಕ್ಷ, ಸಲಾಜಾರ್ ಕಾಲದ ‘ದೇವರು, ತಾಯ್ನಾಡು, ಕುಟುಂಬ’ ಎಂಬ ಘೋಷಣೆಗೆ ‘ದುಡಿಮೆ’ಯನ್ನು ಸೇರಿಸಿಕೊಂಡು, ಕ್ರಾಂತಿಯ ಐವತ್ತನೆಯ ವರ್ಷದಲ್ಲಿ 230 ಸದಸ್ಯರ ಸಂಸತ್ತಿನಲ್ಲಿ ಸರಿಯಾಗಿ 50 ಸ್ಥಾನ ಗೆದ್ದಿತು, 2025ರ ಮೇ ತಿಂಗಳಲ್ಲಿ 60. ಅವರಿಗೆ ಮತ ಹಾಕಿದವರೆಲ್ಲ ಸರ್ವಾಧಿಕಾರ ಬಯಸಿದವರೆಂದು ನಾನು ನಂಬಲಾರೆ. ಮನೆ ಬಾಡಿಗೆ ಕಟ್ಟಲಾಗದ ಸಿಟ್ಟೂ ಅದರಲ್ಲಿದೆ. ವಸಾಹತುಗಳು ಬಿಡುಗಡೆಯಾದಾಗ ಮನೆಮಾರು ಕಳೆದುಕೊಂಡು, ಮರದ ಪೆಟ್ಟಿಗೆಗಳನ್ನು ಬೆಲೇಂ ದಂಡೆಯ ಮೇಲೆ ಪೇರಿಸಿಟ್ಟು ಬಂದಿಳಿದ ಐದು ಲಕ್ಷದಷ್ಟು ಮಂದಿಯ ಕಹಿಗೂ ಏಪ್ರಿಲ್‌ನ ಹಬ್ಬದಲ್ಲಿ ಎಂದೂ ಜಾಗ ಸಿಗಲಿಲ್ಲ. ನೆನಪಿಗೆ ಜಾಗ ಕೊಡದಿದ್ದರೆ ಅದು ಬೇರೆ ಯಾರದೋ ಮನೆಯಲ್ಲಿ ಬಾಡಿಗೆಗೆ ಕೂರುತ್ತದೆ.

ಮೌನ ಸ್ವಲ್ಪ ಮುರಿದದ್ದೂ ಉಂಟು. ಮೊಜಾಂಬಿಕ್‌ನ ವಿರಿಯಾಮು ಎಂಬಲ್ಲಿ 1972ರ ಡಿಸೆಂಬರ್ 16ರಂದು ಪೋರ್ಚುಗೀಸ್ ಪಡೆ ಸುಮಾರು 400 ಹಳ್ಳಿಗರನ್ನು ಕೊಂದಿತ್ತು. ಐವತ್ತು ವರ್ಷ ತುಂಬುವ ಹೊತ್ತಿಗೆ, 2022ರ ಸೆಪ್ಟೆಂಬರ್‌ನಲ್ಲಿ, ಪ್ರಧಾನಿ ಆಂತೋನಿಯೊ ಕೊಸ್ತ ಮಪುಟೊದಲ್ಲಿ ಅದಕ್ಕಾಗಿ ಕ್ಷಮೆ ಕೇಳಿದರು. ಅವರ ತಂದೆ ಓರ್ಲಾಂದೊ ದ ಕೊಸ್ತ ಗೋವೆಯ ಮನೆತನದವರು, ಲೇಖಕರು, ಪೀಡೆಯ ಜೈಲು ಕಂಡಿದ್ದವರು. ಆ ಕ್ಷಮೆಯ ಮಾತು ಅಂಥ ಮನೆಯ ಮಗನ ಬಾಯಿಂದ ಬಂದದ್ದು ಕಾಕತಾಳೀಯವಿರಬಹುದು, ನನಗೆ ಹಾಗನ್ನಿಸುವುದಿಲ್ಲ. 2024ರ ಹಬ್ಬದ ಮುನ್ನಾದಿನಗಳಲ್ಲಿ ಅಧ್ಯಕ್ಷ ಮಾರ್ಸೆಲೊ ರೆಬೆಲೊ ದೆ ಸೋಜ಼, ಮೊಜಾಂಬಿಕ್‌ನ ವಸಾಹತು ಗವರ್ನರ್ ಆಗಿದ್ದವನ ಮಗ, ಗುಲಾಮಗಿರಿ ಮತ್ತು ವಸಾಹತು ಕಾಲದ ಅಪರಾಧಗಳ ಬೆಲೆಯನ್ನು ದೇಶ ತೆರಬೇಕೆಂದು ಹೇಳಿದಾಗ ಊರೆಲ್ಲ ಅದೇ ಮಾತಾಯಿತು. ಅಂಥ ಯಾವ ಪರಿಹಾರದ ಯೋಜನೆಯೂ ಇಲ್ಲವೆಂದು ಸರ್ಕಾರ ಕೆಲವೇ ದಿನಗಳಲ್ಲಿ ಮುಗಿಸಿತು. ಅಂಗೋಲ, ಮೊಜಾಂಬಿಕ್, ಗಿನಿಗಳ ಅಧ್ಯಕ್ಷರು ಏಪ್ರಿಲ್ 25ರ ಸಂಜೆಯ ಸಮಾರಂಭದಲ್ಲಿ ಅತಿಥಿಗಳಾಗಿ ಕೂತಿದ್ದರು.

ಮರುದಿನ ಬೆಳಿಗ್ಗೆ ಫಲಕದ ಬಳಿಗೆ ಇನ್ನೊಮ್ಮೆ ಹೋದೆ. ರಾತ್ರಿ ಯಾರೋ ಹೂಗಳನ್ನು ಇಟ್ಟುಹೋಗಿದ್ದರು. ಮೂಲೆಯ ಅಂಗಡಿಯಲ್ಲಿ ಕಾಫಿ ಕುಡಿಯುವಾಗ ಅಂಗಡಿಯಾಕೆ ಎಲ್ಲಿಂದ ಬಂದಿರೆಂದು ಕೇಳಿದಳು. ಗೋವೆಯ ಪಕ್ಕದ ಊರು ಎಂದೆ. ಕಾರವಾರ ಎಂದರೆ ಯಾರಿಗೆ ತಿಳಿಯಬೇಕು. ಆಕೆಯ ಮುಖ ಅರಳಿತು. ಅವಳ ಚಿಕ್ಕಪ್ಪನೊಬ್ಬ ಸಿಪಾಯಿಯಾಗಿ ಅಲ್ಲಿದ್ದನಂತೆ, ಸೆರೆಯಾಗಿದ್ದನಂತೆ, ಮರಳಿದ ಮೇಲೆ ಆ ವಿಷಯವಾಗಿ ಮನೆಯಲ್ಲಿ ಬಾಯಿಯೇ ಬಿಡಲಿಲ್ಲವಂತೆ. ಅಲ್ಲಿ ಕಡಲು ಹೇಗಿದೆ ಎಂದು ಕೇಳಿದಳು. ನಾನು ಫೋನಿನಲ್ಲಿದ್ದ ಒಂದು ಚಿತ್ರ ತೋರಿಸಿದೆ: ಮಳೆಗಾಲ ಮುಗಿದ ಮೇಲಿನ ಸಂಜೆ, ಹಿಂದೆ ಅಂಜುದೀವ. ಅವಳು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಆ ನಡುಗಡ್ಡೆಯನ್ನು ಬಹಳ ಹೊತ್ತು ನೋಡಿದಳು.